ಪಂಚಮಿಗೆ ಮಾಮಾನ ಉಡುಗೊರೆ: ಯಾವ ಗೇಮ್ ಯಂತ್ರ ತರಲಿ?

ಹುಬ್ಬಳ್ಳಿಯಲ್ಲಿ ನಂದೊಂದು ರಿಪೇರಿ ಅಂಗಡಿ ಇದೆ. ಅಪ್ಪ ರೇಡಿಯೊ ಬಿಚ್ಚುತ್ತಿದ್ದ ಟೇಬಲ್ ಮೇಲೆ ನಾನು ಈಗ ಮೊಬೈಲು, ಗೇಮ್ ಯಂತ್ರ ಬಿಚ್ಚುತ್ತೇನೆ. ಅದಕ್ಕೇ ಸಂಪಾದಕರು ಇಂಥ ಪತ್ರಗಳನ್ನೆಲ್ಲ ನನ್ನ ಕಡೆಗೇ ಕಳಿಸುತ್ತಾರೆ. ಈ ಸಲ ಮೊದಲ ಪತ್ರಕ್ಕೆ ಜಾಗ ಜಾಸ್ತಿ ಹೋಗಿದೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾನು ರಾಣೆಬೆನ್ನೂರಿನವನು. ತಂಗಿಯನ್ನು ಗದಗ-ಬೆಟಗೇರಿಗೆ ಕೊಟ್ಟಿದ್ದೇವೆ. ಅವರ ಮನೆಯಲ್ಲಿ ತಂಗಿ, ಅವಳ ಗಂಡ, ಅತ್ತೆ, 13 ವರ್ಷದ ಮಗ, 7 ವರ್ಷದ ಮಗಳು. ಪಂಚಮಿಗೆ ತಂಗಿ ತವರಿಗೆ ಬರ್ತಾಳೆ. ಸೀರೆ, ಉಂಡಿ ಡಬ್ಬಿ ಕೊಟ್ಟು ಕಳಿಸುವುದು ಇದ್ದದ್ದೇ. ಈ ವರ್ಷ ಇಡೀ ಮನೆಗೆ ಅಂತ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಕೊಡಬೇಕು ಅಂತಿದ್ದೇನೆ. ಎಲ್ಲಾ ಸೇರಿ 35 ಸಾವಿರ ರೂಪಾಯಿ ಇಟ್ಟಿದ್ದೇನೆ. ಅಳಿಯ ‘ಸ್ಟೀಮ್ ಡೆಕ್ ತಗೊಂಬಾ ಮಾಮಾ’ ಅಂತಾನೆ. ಅಂಗಡಿಯವರು ‘ಸ್ವಿಚ್ ಲೈಟ್ ಸಾಕು ಬಿಡ್ರಿ’ ಅಂದರು. ತಂಗಿ ‘ಮೊಬೈಲ್ ಕಾಟ ಸಾಲದೇನು, ಮತ್ತೊಂದು ತರ್ತಿಯಾ’ ಅಂತ ಬೈತಾಳೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತಲ್ಲೂ ಒಂದಿಷ್ಟು ಹುರುಳಿದೆ. ಆದರೆ ಕೊನೆಗೆ ನಿಮ್ಮ ತಂಗಿ ಮಾತಿಗೇ ತೂಕ ಜಾಸ್ತಿ. ಯಂತ್ರ ಇರುವುದು ಅವರ ಮನೆಯಲ್ಲಿ, ಜಗಳ ಬಿಡಿಸಬೇಕಾದವರೂ ಅವರೇ.

ಐದು ಜನ, ಒಂದೇ ಯಂತ್ರ. ಈ ಲೆಕ್ಕ ಹಿಡಿದೇ ಆರಿಸಬೇಕು. ಪರದೆ ಎಷ್ಟು ಚೆಂದ, ಒಳಗಿನ ಚಿಪ್ ಎಷ್ಟು ವೇಗ ಅನ್ನುವುದೆಲ್ಲ ಆಮೇಲೆ. ಒಬ್ಬರು ಆಡುವಾಗ ಇನ್ನೊಬ್ಬರು ಜೊತೆಗೆ ಕೂತು ಆಡಲು ಆಗುತ್ತಾ, ಅದನ್ನು ಮೊದಲು ಕೇಳಿ.

ಹಾಗೆ ನೋಡಿದರೆ ನಿಮಗೆ ಬೇಕಾದದ್ದು ನಿಂಟೆಂಡೊ ಕಂಪನಿಯ ಸ್ವಿಚ್. ಲೈಟ್ ಬೇಡ, ಮಾಮೂಲಿ ಸ್ವಿಚ್ ತಗೊಳ್ಳಿ. ದುಡ್ಡು ಹೊಂದಿದರೆ ಅದರ ಓಎಲ್‌ಇಡಿ ಮಾದರಿ ಆಗಬಹುದು. ಮಾಮೂಲಿ ಸ್ವಿಚ್ 2017ರ ಮಾರ್ಚ್‌ನಲ್ಲಿ ಬಂತು. ಅದರ ಎರಡೂ ಬದಿಯಲ್ಲಿ ಗುಂಡಿಗಳಿರುವ ತುಂಡುಗಳಿವೆ, ಜಾಯ್‌ಕಾನ್ ಅಂತಾರೆ. ಎರಡೂ ಕಳಚಿ ಬರುತ್ತವೆ. ಒಂದನ್ನು ಅಳಿಯ ಹಿಡಿಯಬಹುದು, ಇನ್ನೊಂದನ್ನು ಸಣ್ಣವಳು. ಪರದೆಯನ್ನು ಡಾಕ್ ಅನ್ನುವ ಸ್ಟ್ಯಾಂಡಿನಲ್ಲಿ ಇಳಿಸಿದರೆ ಆಟ ಟಿವಿ ಮೇಲೆ ಬರುತ್ತದೆ. ಇಬ್ಬರು ಆಡಲು ಬೇರೆ ಏನೂ ಕೊಳ್ಳಬೇಕಾಗಿಲ್ಲ. ಒಂದೇ ಮನೆಯಲ್ಲಿ ಕೂತು ಆಡುವುದಕ್ಕೆ ಇಂಟರ್ನೆಟ್ಟೂ ಬೇಡ, ತಿಂಗಳ ಚಂದಾನೂ ಬೇಡ.

ಲೈಟ್ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಪರದೆ 5.5 ಇಂಚು. ತೂಕ ಸುಮಾರು 275 ಗ್ರಾಂ, ಸಣ್ಣ ಮಕ್ಕಳ ಕೈಗೆ ಹಿತವಾಗಿ ಕೂರುತ್ತದೆ. ಬೆಲೆಯೂ ಕಡಿಮೆ. ಅಂಗಡಿಯವರು ಸುಳ್ಳೇನೂ ಹೇಳಿಲ್ಲ. ಒಂದೇ ಮಗು ಇರುವ ಮನೆಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಲೈಟ್‌ನ ಗುಂಡಿಗಳು ಕಳಚಿ ಬರಲ್ಲ. ಅದು ಟಿವಿಗೂ ಹೋಗಲ್ಲ. ಅಳಿಯ ಮೂಲೆಯಲ್ಲಿ ತಲೆ ಬಗ್ಗಿಸಿ ಕೂರುತ್ತಾನೆ. ಸಣ್ಣವಳು ಅವನ ಹೆಗಲ ಮೇಲಿಂದ ಇಣುಕುತ್ತಾಳೆ. ‘ನಂಗ ಕೊಡೋ’, ‘ತಡಿ, ಇದೊಂದು ಮುಗೀಲಿ’. ಸಂಜೆವರೆಗೂ ಇದೇ ನಡೆಯುತ್ತದೆ. ನಿಮ್ಮ ತಂಗಿ ಹೆದರುತ್ತಿರುವುದು ಇದಕ್ಕೇ ಅಲ್ವಾ?

ರಿಪೇರಿಯವಳಾಗಿ ಇನ್ನೊಂದು ಮಾತು. ಸ್ವಿಚ್‌ಗೆ ಬರುವ ಹೆಸರಾಂತ ಕಾಯಿಲೆ ಡ್ರಿಫ್ಟ್. ಬೆರಳು ಇಡದಿದ್ದರೂ, ಬೊಂಬೆ ಓಡಾಡಿಸಲು ತಳ್ಳುವ ಕಡ್ಡಿ ತಾನೇ ಒಂದು ಕಡೆ ವಾಲಿದಂತೆ ಯಂತ್ರಕ್ಕೆ ಅನ್ನಿಸುತ್ತದೆ, ಆಟದ ಬೊಂಬೆ ತಾನಾಗಿಯೇ ನಡೆಯತೊಡಗುತ್ತದೆ. ಕಡ್ಡಿಯ ಕೆಳಗಿನ ಭಾಗ ಸವೆದು, ಧೂಳು ಸೇರಿ ಹೀಗಾಗುತ್ತದೆ. ಈ ವಿಷಯಕ್ಕೆ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ 2020ರಲ್ಲಿ ಷೇರುದಾರರ ಸಭೆಯಲ್ಲಿ ಕ್ಷಮೆ ಕೇಳಿದ್ದರು. ಮಾಮೂಲಿ ಸ್ವಿಚ್‌ನಲ್ಲಿ ಹೀಗಾದರೆ ಆ ಒಂದು ಜಾಯ್‌ಕಾನ್ ನನ್ನ ಹತ್ತಿರ ಬರುತ್ತದೆ. ಯಂತ್ರ ಮನೆಯಲ್ಲೇ ಇರುತ್ತದೆ, ಆಟ ನಿಲ್ಲಲ್ಲ. ಲೈಟ್‌ನಲ್ಲಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕು. ಇವುಗಳ ಸ್ಕ್ರೂಗೆ ಮೂರು ಕಾಲಿನ ತಲೆ ಇರುತ್ತದೆ. ಮನೆಯ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿ, ತಲೆ ಸವೆಸಿಕೊಂಡು ಬರುವವರು ಜಾಸ್ತಿ. ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗ ಅಳಿಯನ ಸ್ಟೀಮ್ ಡೆಕ್. ಹುಡುಗನಿಗೆ ರುಚಿ ಇದೆ, ಒಪ್ಪಿಕೊಳ್ಳಬೇಕು. 2022ರಲ್ಲಿ ಬಂದ ಒಳ್ಳೆಯ ಯಂತ್ರ ಅದು. ಅದರ ಮೊದಲ ಮಾದರಿ ಬಿಚ್ಚಲು ಸಾದಾ ಸ್ಕ್ರೂ ಡ್ರೈವರ್ ಸಾಕು. ಕಂಪ್ಯೂಟರಿನಲ್ಲಿ ಆಡುವ ಸಾವಿರಾರು ಆಟ ಅದರಲ್ಲಿ ನಡೆಯುತ್ತವೆ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಅವನ್ನು ರೂಪಾಯಿಯಲ್ಲೇ ಕೊಳ್ಳಬಹುದು, ಸೇಲ್ ಬಂದಾಗ ಆಟಗಳು ಬಹಳ ಅಗ್ಗ. ಆದರೆ ಅದು ಓದಿ, ತಿಳಿದು, ಸೆಟಿಂಗ್ ತಿದ್ದಿ ಆಡುವವರ ಯಂತ್ರ. ತೂಕ ಸುಮಾರು 640ರಿಂದ 670 ಗ್ರಾಂ. 7 ವರ್ಷದ ಹುಡುಗಿ ಎಷ್ಟು ಹೊತ್ತು ಹಿಡಿದಾಳು? ಟಿವಿಗೆ ಹಾಕುವ ಡಾಕ್ ಬೇರೆ, ಎರಡನೆಯವರ ಕೈಗೆ ಕಂಟ್ರೋಲರ್ ಬೇರೆ ಕೊಳ್ಳಬೇಕು. ತಯಾರಿಸುವ ವಾಲ್ವ್ ಕಂಪನಿ ಭಾರತದಲ್ಲಿ ಅದನ್ನು ನೇರವಾಗಿ ಮಾರುವುದೂ ಇಲ್ಲ. ಅದೇ ಜಾತಿಯ ಆಸುಸ್ ಆರ್‌ಒಜಿ ಅಲೈ ಇಲ್ಲಿಗೆ 2023ರಲ್ಲಿ ಬಂದಾಗ ಬೆಲೆ 69,990 ರೂಪಾಯಿ ಇತ್ತು. ಅದು ನಿಮ್ಮ ಲೆಕ್ಕದ ಆಚೆ. ಅಳಿಯನಿಗೆ ಹೇಳಿ, ಕಾಲೇಜು ಸೇರಿದ ಮೇಲೆ ಅವನದೇ ದುಡ್ಡಿನಲ್ಲಿ ತಗೊಳ್ಳಲಿ. ಬೈದರೆ ನನ್ನ ಹೆಸರು ಹೇಳಿ.

ಸ್ವಿಚ್‌ನ ಹೊಸ ತಲೆಮಾರು ಸ್ವಿಚ್ 2 ಯಾಕೆ ಬೇಡ ಅಂತಲೂ ಕೇಳ್ತೀರಿ. 2025ರ ಜೂನ್‌ನಲ್ಲಿ ಬಂದಾಗ ಅಮೆರಿಕದಲ್ಲೇ ಅದರ ಬೆಲೆ 449.99 ಡಾಲರ್. ಇಲ್ಲಿಗೆ ಬರುವಾಗ ನಿಮ್ಮ 35 ಸಾವಿರ ಯಂತ್ರಕ್ಕೇ ಸಾಲಲ್ಲ. ಹಳೆಯ ಸ್ವಿಚ್‌ನ ಬಹುತೇಕ ಆಟಗಳು ಸ್ವಿಚ್ 2ರಲ್ಲೂ ನಡೆಯುತ್ತವೆ. ಹಾಗಾಗಿ ಈಗ ಕೊಂಡ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಸಣ್ಣ ಕಾರ್ಡ್, ಮುಂದೆ ದಂಡ ಆಗಲ್ಲ.

ಮಾಮೂಲಿ ಮತ್ತು ಓಎಲ್‌ಇಡಿ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಓಎಲ್‌ಇಡಿ ಪರದೆ 7 ಇಂಚು, ಮಾಮೂಲಿಯದು 6.2. ಬಣ್ಣ ಚೆಂದ, ಹಿಂದಿನ ಊರುಗೋಲು ಅಗಲವಾಗಿ ಗಟ್ಟಿ ಇದೆ. ಒಳಗೆ ಜಾಗ 32ರ ಬದಲು 64 ಜಿಬಿ. ಆದರೆ ಟಿವಿ ಮೇಲೆ ಎರಡರ ಚಿತ್ರವೂ ಒಂದೇ. ಹೆಚ್ಚು ಆಟ ಟಿವಿಯಲ್ಲೇ ನಡೆಯುವ ಮನೆಗೆ ಮಾಮೂಲಿ ಸಾಕು.

ಒಂದು ಕೆಲಸ ಮಾಡಿ. ಕೊಳ್ಳುವ ಮೊದಲು ತಂಗಿಗೆ ಫೋನ್ ಹಚ್ಚಿ, ಟಿವಿ ಹಿಂದೆ ಎಚ್‌ಡಿಎಂಐ ತೂತು ಇದೆಯಾ, ಖಾಲಿ ಇದೆಯಾ ಕೇಳಿ. ಸೆಟ್‌ಟಾಪ್ ಬಾಕ್ಸ್ ಒಂದನ್ನು ಹಿಡಿದಿರುತ್ತದೆ. ಉಡುಗೊರೆ ಬಿಚ್ಚಿದ ಮೇಲೆ ವೈರ್ ಹಾಕಲು ಜಾಗ ಇಲ್ಲ ಅಂದರೆ ಮಕ್ಕಳ ಮುಖ ನೋಡಲಾಗಲ್ಲ.

ಇನ್ನು ಆಟಗಳು. ನಾನು ಜಾಸ್ತಿ ಹೇಳಬೇಕು ಅಂದುಕೊಂಡಿರುವುದು ಇಲ್ಲೇ. ಎಲ್ಲರೂ ಯಂತ್ರಕ್ಕೆ ತಿಂಗಳುಗಟ್ಟಲೆ ಯೋಚಿಸುತ್ತಾರೆ, ಆಟವನ್ನು ಮಾತ್ರ ಕೌಂಟರಿನಲ್ಲಿ ನಿಂತು ಕೈಗೆ ಸಿಕ್ಕಿದ್ದು ತಗೊಳ್ತಾರೆ. ನಿಮ್ಮ ದುಡ್ಡಿನಲ್ಲಿ ಒಂದು ಪಾಲು ಆಟಕ್ಕೆ ಅಂತ ಮೊದಲೇ ಎತ್ತಿಡಿ. ಎರಡು ಆಟ ಸಾಕು. ಹತ್ತು ಕೊಟ್ಟರೆ ಯಾವುದನ್ನೂ ನೆಟ್ಟಗೆ ಆಡಲ್ಲ.

ಮೊದಲನೆಯದು ಅಜ್ಜಿಗಾಗಿ. ಹೌದು, ಅಜ್ಜಿಗೇ. ‘51 ವರ್ಲ್ಡ್‌ವೈಡ್ ಗೇಮ್ಸ್’ ಅಂತ ಒಂದಿದೆ, 2020ರಲ್ಲಿ ಬಂತು. ಅಮೆರಿಕದ ಪ್ರತಿಯಲ್ಲಿ ‘ಕ್ಲಬ್‌ಹೌಸ್ ಗೇಮ್ಸ್’ ಅಂತ ಇರುತ್ತದೆ, ಒಳಗೆ ಎರಡೂ ಒಂದೇ. ಅದರಲ್ಲಿ ಕೇರಂ ಇದೆ, ಲೂಡೊ ಇದೆ, ಚೆಸ್ ಇದೆ. ಮಂಕಾಲ ಅಂತ ಒಂದಿದೆ. ತೆರೆದು ನೋಡಿದರೆ ಅದು ನಮ್ಮ ಅಳಗುಳಿಮಣೆಯ ಬಳಗ! ಗುಳಿಯಿಂದ ಕಾಯಿ ಎತ್ತಿ ಒಂದೊಂದಾಗಿ ಹಾಕುತ್ತಾ ಹೋಗುವುದು. ನಮ್ಮ ಮಣೆಗೆ ಒಂದೊಂದು ಬದಿಗೆ ಏಳು ಗುಳಿ, ಅಲ್ಲಿ ಆರು. ಕೊನೆಯಲ್ಲಿ ಒಂದೊಂದು ದೊಡ್ಡ ಗುಳಿ ಬೇರೆ ಇದೆ. ನಿಯಮವೂ ಸ್ವಲ್ಪ ಬೇರೆ. ಅಜ್ಜಿ ‘ಇದು ತಪ್ಪಾಟ’ ಅಂತ ತಕರಾರು ತೆಗೀತಾರೆ ನೋಡ್ತಿರಿ. ತೆಗೀಲಿ, ಮೊಮ್ಮಕ್ಕಳಿಗೆ ನಮ್ಮ ನಿಯಮ ಹೇಳಿಕೊಡಲು ಅದೇ ನೆಪ ಆಗುತ್ತದೆ. ನೈನ್ ಮೆನ್ಸ್ ಮಾರಿಸ್ ಅಂತ ಇನ್ನೊಂದು ಆಟವಿದೆ. ಅದು ಸಾಲುಮನೆ ಆಟ. ಚೌಕದೊಳಗೆ ಚೌಕ ಬರೆದು ಮೂರು ಕಾಯಿ ಸಾಲು ಕಟ್ಟುವುದು. ಹಳೇ ಗುಡಿಗಳ ಕಲ್ಲುಹಾಸಿನ ಮೇಲೆ ಅದರ ಗೆರೆ ಕೊರೆದಿರುವುದನ್ನು ನೀವೂ ನೋಡಿರುತ್ತೀರಿ. ಯಂತ್ರದಲ್ಲಿ ಕನ್ನಡ ಇಲ್ಲ, ಅದೊಂದು ಕೊರತೆ. ಆದರೆ ಈ ಆಟಗಳಿಗೆ ಓದು ಬೇಕಾಗಲ್ಲ. ಕೆಲವನ್ನು ಪರದೆ ಮುಟ್ಟಿಯೇ ಆಡಬಹುದು.

ಎರಡನೆಯದು ಮಕ್ಕಳಿಗೆ, ಮತ್ತು ನಿಮ್ಮ ಭಾವನವರಿಗೆ. ‘ಮಾರಿಯೊ ಕಾರ್ಟ್ 8 ಡಿಲಕ್ಸ್’. ಗಾಡಿ ಓಡಿಸುವ ಆಟ. ಒಂದೇ ಟಿವಿಯಲ್ಲಿ ಪರದೆ ಭಾಗ ಮಾಡಿಕೊಂಡು ನಾಲ್ಕು ಜನ ಆಡಬಹುದು. ಇಬ್ಬರಿಗೆ ಒಂದು ಜೊತೆ ಜಾಯ್‌ಕಾನ್ ಸಾಕು, ನಾಲ್ವರಿಗೆ ಇನ್ನೊಂದು ಜೊತೆ ಬೇಕು. ಅದನ್ನು ದೀಪಾವಳಿಗೆ ಕೊಟ್ಟರಾಯಿತು. ಇದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಅನ್ನುವ ಸೌಲಭ್ಯ ಇದೆ. ಅದು ಆನ್ ಇದ್ದರೆ ಗಾಡಿ ದಾರಿ ಬಿಟ್ಟು ಕೆಳಗೆ ಬೀಳಲ್ಲ. ಆಕ್ಸಿಲರೇಟರ್ ತಾನೇ ಒತ್ತಿಕೊಳ್ಳುವ ಹಾಗೂ ಮಾಡಬಹುದು. ಸಣ್ಣವಳಿಗೆ ಎರಡೂ ಹಾಕಿ ಕೊಡಿ, ಅಣ್ಣನಿಗೆ ತೆಗೆದಿಡಿ. ಆಗ ಪಂದ್ಯ ಸರಿಸಮ ಆಗುತ್ತದೆ.

ಇದು ಸಿಗದಿದ್ದರೆ ‘ಸೂಪರ್ ಮಾರಿಯೊ ಬ್ರದರ್ಸ್ ವಂಡರ್’ ಆಗಬಹುದು. ಅದರಲ್ಲಿ ಯೋಶಿ, ನ್ಯಾಬಿಟ್ ಅನ್ನುವ ಪಾತ್ರಗಳಿಗೆ ಶತ್ರು ತಗುಲಿದರೂ ಏನೂ ಆಗಲ್ಲ. ಸಣ್ಣವಳು ಅವನ್ನೇ ಆರಿಸಿಕೊಳ್ಳಲಿ.

‘ಅನಿಮಲ್ ಕ್ರಾಸಿಂಗ್’ ಬಗ್ಗೆ ಯಾರಾದರೂ ಬಾಯಿ ತುಂಬಾ ಹೇಳಿದರೆ ಸ್ವಲ್ಪ ತಡೀರಿ. ದ್ವೀಪದಲ್ಲಿ ಮನೆ ಕಟ್ಟಿ, ಹಣ್ಣು ಕಿತ್ತು, ಮೀನು ಹಿಡಿಯುವ ಮುದ್ದಾದ ಆಟ ಅದು. ನನಗೂ ಇಷ್ಟ. ಆದರೆ ಒಂದು ಯಂತ್ರಕ್ಕೆ ಒಂದೇ ದ್ವೀಪ. ಯಾರು ಮೊದಲು ಶುರು ಮಾಡುತ್ತಾರೋ ಅವರೇ ಊರಗೌಡರು. ಸೇತುವೆ ಎಲ್ಲಿ, ಅಂಗಡಿ ಎಲ್ಲಿ ಅನ್ನುವುದೆಲ್ಲ ಅವರ ಕೈಯಲ್ಲಿ. ಆಮೇಲೆ ಬಂದವರು ಅದೇ ಊರಲ್ಲಿ ಒಕ್ಕಲು. ಅಣ್ಣ-ತಂಗಿ ಇರುವ ಮನೆಯಲ್ಲಿ ಇದು ಬೆಂಕಿ ಹಚ್ಚುವ ಕೆಲಸ. ತರಲೇಬೇಕು ಅಂದರೆ ಸಣ್ಣವಳಿಂದಲೇ ಶುರು ಮಾಡಿಸಿ.

ಆಟಗಳನ್ನು ಕಾರ್ಟ್ರಿಜ್ ರೂಪದಲ್ಲೇ ಕೊಳ್ಳಿ, ಡೌನ್‌ಲೋಡ್ ಬೇಡ. ಮೂರು ಕಾರಣ ಇವೆ. ನಮ್ಮ ದೇಶಕ್ಕೆ ಅಂತ ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್ ಇಲ್ಲ, ಬೇರೆ ದೇಶದ ಖಾತೆ ಮಾಡಿ ಗಿಫ್ಟ್ ಕಾರ್ಡ್ ಹುಡುಕಬೇಕು. 32 ಜಿಬಿ ಬೇಗ ತುಂಬಿಹೋಗುತ್ತದೆ. ಮತ್ತೆ, ಕಾರ್ಟ್ರಿಜ್ ಆದರೆ ಆಡಿ ಮುಗಿಸಿ ಹುಬ್ಬಳ್ಳಿಯ ಚಿಕ್ಕಪ್ಪನ ಮಕ್ಕಳಿಗೆ ಕೊಟ್ಟು ಅವರದನ್ನು ತರಬಹುದು, ಇಲ್ಲಾ ಮಾರಬಹುದು. ಬಹುತೇಕ ಎಲ್ಲಾ ದೇಶದ ಕಾರ್ಟ್ರಿಜ್ ಇಲ್ಲಿ ಕೊಂಡ ಸ್ವಿಚ್‌ನಲ್ಲಿ ನಡೆಯುತ್ತದೆ. ಅದು ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಕಂಪನಿಯವರು ಅದಕ್ಕೆ ಡೆನಾಟೋನಿಯಂ ಬೆಂಜೊಯೇಟ್ ಅನ್ನುವ ಕಹಿ ಲೇಪಿಸಿದ್ದಾರೆ. ನಾಲಿಗೆಗೆ ಮುಟ್ಟಿಸಿ ನೋಡಿದ್ದೇನೆ, ಬೇವು ಏನೂ ಅಲ್ಲ ಅದರ ಮುಂದೆ. ಅಳಿಯನೂ ನೆಕ್ಕಿ ನೋಡೇ ನೋಡ್ತಾನೆ, ನೋಡಲಿ ಬಿಡಿ.

ತಂಗಿಯ ಬೈಗುಳಕ್ಕೆ ಬರೋಣ. ಫೋನಿಗೆ ಹಾಕಿಕೊಳ್ಳುವ ನಿಂಟೆಂಡೊ ಸ್ವಿಚ್ ಪೇರೆಂಟಲ್ ಕಂಟ್ರೋಲ್ಸ್ ಅನ್ನುವ ಆ್ಯಪ್ ಇದೆ, ಬಿಟ್ಟಿ. ದಿನಕ್ಕೆ ಇಷ್ಟು ಹೊತ್ತು, ರಾತ್ರಿ ಇಷ್ಟು ಗಂಟೆಗೆ ಬಂದ್ ಅಂತ ಅದರಲ್ಲಿ ಹಾಕಬಹುದು. ಹೊತ್ತು ಮುಗಿದಾಗ ಬರೀ ಎಚ್ಚರಿಕೆ ಬರಬೇಕಾ, ಆಟವೇ ನಿಂತುಹೋಗಬೇಕಾ ಅನ್ನುವುದೂ ನಿಮ್ಮ ಕೈಯಲ್ಲಿದೆ. ಯಾವ ಆಟ ಎಷ್ಟು ಹೊತ್ತು ಆಡಿದರು ಅಂತ ಲೆಕ್ಕವೂ ಬರುತ್ತದೆ. ಆದರೆ ಒಂದು ಗಮನಿಸಿ: ಈ ಮಿತಿ ಇಡೀ ಯಂತ್ರಕ್ಕೆ, ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ. ಒಂದು ಗಂಟೆ ಹಾಕಿದರೆ, ಅಣ್ಣನೇ ಆ ಒಂದು ಗಂಟೆ ತಿಂದರೆ ತಂಗಿಗೆ ಏನೂ ಉಳಿಯಲ್ಲ. ಅದಕ್ಕೇ ಶುರುವಿಗೆ ಇಬ್ಬರೂ ಕೂಡಿ ಆಡುವ ಆಟ ಕೊಡಿ ಅಂದದ್ದು. ಆ್ಯಪ್ ನಿಮ್ಮ ತಂಗಿಯ ಫೋನಿಗೆ ಹಾಕಿ, ಪಿನ್ ಅವರೇ ಇಡಲಿ. ಭಾವನ ಫೋನಿಗೆ ಬೇಡ, ಗಂಡಸರು ಬೇಗ ಕರಗ್ತಾರೆ.

ಇದನ್ನೆಲ್ಲ ನೀವೇ ರಾಣೆಬೆನ್ನೂರಲ್ಲಿ ಕೂತು ಮುಗಿಸಿ. ಪೆಟ್ಟಿಗೆ ತೆಗೆದು ಚಾರ್ಜ್ ಮಾಡಿ, ವೈಫೈ ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಅಪ್‌ಡೇಟ್ ಹಾಕಿ, ಕಾರ್ಟ್ರಿಜ್ ಒಮ್ಮೆ ಹಚ್ಚಿ ನೋಡಿ. ಹಬ್ಬದ ದಿನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಅಪ್‌ಡೇಟ್ ಪಟ್ಟಿ ತುಂಬುವುದನ್ನು ನೋಡುವುದು ಬಹಳ ಹಿಂಸೆ.

ಎಲ್ಲಿ ಕೊಳ್ಳಬೇಕು? ನಿಂಟೆಂಡೊ ಕಂಪನಿ ನಮ್ಮಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಸಿಗುವುದೆಲ್ಲ ಹೊರಗಿನಿಂದ ತರಿಸಿದ್ದು. ಹಾಗಾಗಿ ವಾರಂಟಿ ಅಂದರೆ ಮಾರಿದವರ ಮಾತು. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ‘ಇಷ್ಟು ತಿಂಗಳು ನಮ್ಮದೇ ಜವಾಬ್ದಾರಿ’ ಅಂತ ಸಹಿ ಮಾಡಿಸಿ. ಬರೆದು ಕೊಡಲ್ಲ ಅಂದರೆ ಮುಂದಿನ ಅಂಗಡಿಗೆ ನಡೀರಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಚೌಕಾಶಿಗೆ ಜಾಗ ಇದೆ. ಉಳಿದ ದುಡ್ಡಲ್ಲಿ ಒಂದು ಗಟ್ಟಿ ಚೀಲ, ಒಂದು ಸ್ಕ್ರೀನ್ ಗಾರ್ಡ್. ಅಷ್ಟು ಸಾಕು.

ಪ್ರಶ್ನೆ: ಧಾರವಾಡ ಸಪ್ತಾಪುರದಲ್ಲಿದ್ದೇವೆ, ಇಬ್ಬರೂ ನಿವೃತ್ತ ಶಿಕ್ಷಕರು. ದುಬೈಯಲ್ಲಿರುವ ಮಗ ರಜೆಗೆ ಬರುವಾಗ ಮೊಮ್ಮಕ್ಕಳಿಗೆ ಸ್ವಿಚ್ 2 ತರ್ತೀನಿ ಅಂತಾನೆ. ಅಲ್ಲಿಯ ಯಂತ್ರ ಇಲ್ಲಿ ನಡೆಯುತ್ತದೆಯೇ? ಜಪಾನಿನಲ್ಲಿರುವ ಅವನ ಗೆಳೆಯ ಇನ್ನೂ ಕಡಿಮೆಗೆ ಕೊಡಿಸ್ತೀನಿ ಅಂದಿದ್ದಾನಂತೆ.

ಉತ್ತರ: ದುಬೈಯದು ನಡೆಯುತ್ತದೆ ಮೇಷ್ಟ್ರೇ. ಚಾರ್ಜರ್ ನಮ್ಮ ವೋಲ್ಟೇಜಿಗೂ ಹೊಂದುತ್ತದೆ. ಪ್ಲಗ್ ಮಾತ್ರ ಅಲ್ಲಿಯದು ಮೂರು ಚಪ್ಪಟೆ ಕಾಲಿನದು, ನಮ್ಮ ಗೋಡೆಯ ತೂತಿಗೆ ಕೂರಲ್ಲ. ಒಂದು ಒಳ್ಳೆಯ ಅಡಾಪ್ಟರ್ ತಗೊಳ್ಳಿ, ರಸ್ತೆ ಬದಿಯ ಸಡಿಲ ಅಡಾಪ್ಟರ್ ಬೇಡ. ಟಿವಿಗೆ ಹಾಕುವಾಗ ಜೊತೆಗೆ ಬಂದ ಚಾರ್ಜರನ್ನೇ ಬಳಸಿ. ಫೋನಿನ ಚಾರ್ಜರ್‌ಗೆ ಅಷ್ಟು ತ್ರಾಣ ಇರಲ್ಲ.

ಜಪಾನಿನ ಅಗ್ಗದ ಮಾದರಿ ಬೇಡವೇ ಬೇಡ. ಅಲ್ಲಿ 49,980 ಯೆನ್‌ಗೆ ಮಾರಿದ ಸ್ವಿಚ್ 2ರಲ್ಲಿ ಭಾಷೆ ಜಪಾನಿ ಒಂದೇ, ಖಾತೆಯೂ ಜಪಾನಿನದೇ ಆಗಬೇಕು. ಅಗ್ಗ ಇರುವುದು ಅದಕ್ಕೇ. ಆಟದ ಡಬ್ಬಿ ಕೊಳ್ಳುವಾಗ ಮಗನಿಗೆ ಇನ್ನೊಂದು ಹೇಳಿ. ಸ್ವಿಚ್ 2ರ ಕೆಲವು ಡಬ್ಬಿಗಳ ಮೇಲೆ ‘ಗೇಮ್-ಕೀ ಕಾರ್ಡ್’ ಅಂತ ಬರೆದಿರುತ್ತದೆ. ಅದರೊಳಗೆ ಆಟ ಇರಲ್ಲ, ಬರೀ ಕೀಲಿ ಇರುತ್ತದೆ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಮೆಮೊರಿ ಕಾರ್ಡೂ ಹಳೇದು ನಡೆಯಲ್ಲ, ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಹೊಸ ಜಾತಿಯದೇ ಬೇಕು. ಒಳಗೆ 256 ಜಿಬಿ ಇರುವುದರಿಂದ ಈಗಲೇ ಕೊಳ್ಳುವ ಅವಸರ ಇಲ್ಲ.

ಪ್ರಶ್ನೆ: ನಾನು ಹುಬ್ಬಳ್ಳಿ ನವನಗರದ ಗೃಹಿಣಿ. ದುರ್ಗದ ಬೈಲಿನ ಕಡೆ ‘ಒಂದರಲ್ಲಿ 400 ಆಟ’ ಅನ್ನುವ ಸಣ್ಣ ಗೇಮ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಸಾವಿರಾರು ಯಾಕೆ ಸುರೀಬೇಕು? ಅದೇ ಸಾಕಲ್ವಾ?

ಉತ್ತರ: ರಜೆ ಕಳೆಯಲು ಸಾಕು. ಅದರಲ್ಲಿರುವುದು ಬಹುತೇಕ 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರದ ಕಾಲದ ಆಟಗಳು. ನಾವು ಹುಡುಗರಿದ್ದಾಗ ಹಳದಿ ಕ್ಯಾಸೆಟ್ ಊದಿ ಊದಿ ಹಾಕಿ ಆಡಿದವೇ. ಆಗಲೂ ನಕಲು, ಈಗಲೂ ನಕಲು, ಲೈಸೆನ್ಸ್ ಇಲ್ಲ. 400 ಅಂತ ಬರೆದಿದ್ದರೂ ಅದೇ ಆಟ ಬೇರೆ ಹೆಸರಲ್ಲಿ ತಿರುತಿರುಗಿ ಬರುತ್ತದೆ. ನನ್ನ ತಕರಾರು ಬ್ಯಾಟರಿಯದು. ಹಿಂದಿನ ಮುಚ್ಚಳ ತೆಗೆದರೆ ಹಳೇ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ ಬ್ಯಾಟರಿ ಕಾಣುತ್ತದೆ. ಬಹಳ ಸಲ ಅದು ಹೆಸರಿಲ್ಲದ ಕಂಪನಿಯದು. ಉಬ್ಬಿದ್ದು ಕಂಡರೆ ತೆಗೆದುಹಾಕಿ ಒಳ್ಳೆಯದೊಂದು ಹಾಕಿ. ರಾತ್ರಿಯಿಡೀ ಚಾರ್ಜಿಗೆ ಇಟ್ಟು ಮಲಗಬೇಡಿ. ಮಕ್ಕಳು ಅದರಲ್ಲೇ ತಿಂಗಳುಗಟ್ಟಲೆ ಖುಷಿಯಾಗಿದ್ದರೆ ದೊಡ್ಡದನ್ನು ಕೊಳ್ಳುವ ಅಗತ್ಯವೇ ಇಲ್ಲ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಡತಿ ಅಂಗಡಿ ಇದೆ. ಪರಿಚಯದವರೊಬ್ಬರು ಹಳೇ ನಿಂಟೆಂಡೊ 3ಡಿಎಸ್ ಮತ್ತು ಹಳೇ ಸ್ವಿಚ್ ಎರಡನ್ನೂ ಮಾರುತ್ತಿದ್ದಾರೆ. ಮಕ್ಕಳಿಗೆ ಯಾವುದು ತಗೊಳ್ಳಲಿ? ಸೆಕೆಂಡ್ ಹ್ಯಾಂಡ್‌ನಲ್ಲಿ ಏನು ನೋಡಬೇಕು?

ಉತ್ತರ: 3ಡಿಎಸ್ ಬಿಡಿ. ಅದರ ಇ-ಶಾಪ್ 2023ರ ಮಾರ್ಚ್‌ನಲ್ಲಿ ಮುಚ್ಚಿತು, ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತಿತು. ಕಾರ್ಟ್ರಿಜ್ ಇದ್ದರೆ ಮಾತ್ರ ಆಟ. ಅದೂ ಯಾವ ದೇಶದ ಯಂತ್ರವೋ ಆ ದೇಶದ ಕಾರ್ಟ್ರಿಜ್ಜೇ ಬೇಕು. ಹಳೇದನ್ನು ಕೂಡಿಡುವ ಹುಚ್ಚು ಇರುವವರು ತಗೊಳ್ಳಲಿ.

ಸ್ವಿಚ್ ನೋಡಿ. ಹಿಂಭಾಗದಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಎಚ್‌ಎಸಿ-001 ಆದಮೇಲೆ ಆವರಣದಲ್ಲಿ -01 ಅಂತ ಇದ್ದರೆ ಅದು 2019ರಿಂದ ಈಚಿನದು. ಕಂಪನಿ ಲೆಕ್ಕದಲ್ಲಿ ಬ್ಯಾಟರಿ ನಾಲ್ಕೂವರೆಯಿಂದ 9 ಗಂಟೆ. ಆ -01 ಇಲ್ಲದ ಮೊದಲ ಮಾದರಿಗೆ ಎರಡೂವರೆಯಿಂದ ಆರೂವರೆ ಗಂಟೆ ಅಷ್ಟೇ. ಸೆಟಿಂಗ್ಸ್‌ನಲ್ಲಿ ಕಂಟ್ರೋಲರ್ ಕಡ್ಡಿಗಳನ್ನು ಪರೀಕ್ಷಿಸುವ ಜಾಗ ಇದೆ. ಅಲ್ಲಿ ಕೈ ಬಿಟ್ಟಾಗ ಚುಕ್ಕೆ ನಡುವೆ ನಿಲ್ಲಬೇಕು. ಸರಿದಾಡಿದರೆ ಡ್ರಿಫ್ಟ್ ಇದೆ ಅಂತ, ಬೆಲೆ ಇಳಿಸಿ. ಚಾರ್ಜಿಂಗ್ ತೂತಿಗೆ ವೈರ್ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಡಾಕ್‌ಗೆ ಹಾಕಿ ಟಿವಿಯಲ್ಲಿ ಚಿತ್ರ ನೋಡಿ. ಅವರೆದುರೇ ಇಂಟರ್ನೆಟ್ಟಿಗೆ ಜೋಡಿಸಿ, ಯಂತ್ರವನ್ನು ಕಂಪನಿ ನಿಷೇಧಿಸಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಅವರ ಖಾತೆ ಅಳಿಸಿ.

ನಿಮಗೊಂದು ವಿಶೇಷ ಸೂಚನೆ. ಸ್ವಿಚ್ ಒಳಗೆ ಸಣ್ಣ ಫ್ಯಾನ್ ಇದೆ, ಗಾಳಿ ಎಳೆದು ಮೇಲಿನ ಸಂದಿಯಿಂದ ಬಿಡುತ್ತದೆ. ಅಂಗಡಿಗೆ ತರಬೇಡಿ, ಗಲ್ಲಾ ಪಕ್ಕ ಕೂತು ಮಕ್ಕಳು ಆಡುವುದು ಬೇಡ. ಬ್ಯಾಡಗಿ ಕಡೆಯಿಂದ ಬರುವ ಯಂತ್ರ ಬಿಚ್ಚುವಾಗ ನಾನು ಮಾಸ್ಕ್ ಹಾಕ್ಕೋತೀನಿ. ಕೆಂಪು ಪುಡಿ ಫ್ಯಾನಿಗೆ ಮೆತ್ತಿರುತ್ತದೆ, ಊದಿದರೆ ಅಂಗಡಿಯಲ್ಲಿ ಯಾರೂ ನಿಲ್ಲಲಾಗಲ್ಲ.

ಪ್ರಶ್ನೆ: ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ಅಕ್ಕನ ಮಕ್ಕಳಿಗೆ ಪ್ಲೇಸ್ಟೇಷನ್ ಪೋರ್ಟಲ್ ಕೊಡಬಹುದಾ? 18,990 ರೂಪಾಯಿ ನೋಡಿದೆ, ಪರದೆ 8 ಇಂಚು. ಅಗ್ಗ ಅನ್ನಿಸಿತು.

ಉತ್ತರ: ಅಕ್ಕನ ಮನೆಯಲ್ಲಿ ಪ್ಲೇಸ್ಟೇಷನ್ 5 ಇದೆಯಾ? ಇಲ್ಲ ಅಂದರೆ ಬೇಡ. ಪೋರ್ಟಲ್ ತಾನೇ ಆಟ ನಡೆಸಲ್ಲ. ನಮ್ಮಲ್ಲಿ ಆಟ ನಡೆಯುವುದು ಪಿಎಸ್ 5ರಲ್ಲಿ, ಪೋರ್ಟಲ್‌ಗೆ ವೈಫೈ ಮೇಲೆ ಚಿತ್ರ ಬರುತ್ತದೆ ಅಷ್ಟೇ. ವೈಫೈ ಹೋದರೆ ಆಟವೂ ಹೋಯಿತು. ಪಿಎಸ್ 5 ಇದ್ದು, ಟಿವಿಯನ್ನು ಅಪ್ಪ ಸುದ್ದಿಗೆ ಅಂತ ಹಿಡಿದುಕೊಂಡು ಬಿಡದ ಮನೆಯಾದರೆ ಒಳ್ಳೆಯ ಉಡುಗೊರೆ.

ಪ್ರಶ್ನೆ: ಗದಗಿನಿಂದ. ಓಎಲ್‌ಇಡಿ ಸ್ವಿಚ್ ಕೊಂಡೆವು. ಗಾಜಿನ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಹಾಳೆ ಇದೆ, ಅಂಚು ಸ್ವಲ್ಪ ಕಾಣುತ್ತದೆ. ಕಿತ್ತು ಹೊಸ ಗಾರ್ಡ್ ಹಾಕಬೇಕೇ?

ಉತ್ತರ: ಕೀಳಬೇಡಿ! ಅದು ಪೆಟ್ಟಿಗೆಯ ಹಾಳೆ ಅಲ್ಲ. ಗಾಜು ಒಡೆದರೆ ಚೂರು ಹಾರದಿರಲಿ ಅಂತ ಕಾರ್ಖಾನೆಯಲ್ಲೇ ಅಂಟಿಸಿದ್ದು. ಗಾರ್ಡನ್ನು ಅದರ ಮೇಲೆಯೇ ಹಾಕಿ. ಈಗಾಗಲೇ ಒಂದು ಮೂಲೆ ಎದ್ದಿದ್ದರೆ ಬೆರಳಿಂದ ಒತ್ತಿ ಕೂರಿಸಿ, ಆಮೇಲೆ ಗಾರ್ಡ್ ಹಾಕಿಸಿ.